‘ಸೆಪ್ಟೆಂಬರ್’ ಹಾಡಿಗಾಗಿ ಒಂದು ಮೌತ್‌ಪೀಸ್

ಜರ್ಮನ್ ಸಂಗೀತಕಾರ ರಿಚರ್ಡ್ ಸ್ಟ್ರೌಸ್ 1948ರಲ್ಲಿ ಬರೆದ ‘ನಾಲ್ಕು ಕೊನೆಯ ಹಾಡುಗಳ’ ಪೈಕಿ ‘ಸೆಪ್ಟೆಂಬರ್’ ಮುಗಿಯುವುದು ಫ್ರೆಂಚ್ ಹಾರ್ನ್ ಎಂಬ ಹಿತ್ತಾಳೆಯ ಊದುವಾದ್ಯದಿಂದ. ಬೇಸಿಗೆಯು ತನ್ನ ದಣಿದ ಕಣ್ಣುಗಳನ್ನು ಮುಚ್ಚಿಕೊಂಡಿತು ಎಂದು ಗಾಯಕಿ ಹಾಡಿ ಮುಗಿಸುವ ಹೊತ್ತಿಗೆ ಹಾರ್ನ್ ಆ ಎಳೆಯನ್ನು ಎತ್ತಿಕೊಂಡು, ಎಲ್ಲಿಯೂ ದನಿಯೇರಿಸದೆ, ನೀಳವಾದ ಉಸಿರಿನಲ್ಲಿ ಅದನ್ನು ಕೊನೆಗೆ ಮುಟ್ಟಿಸಬೇಕು. ಲಂಡನ್ನಿನಲ್ಲಿ ನಾನು ನುಡಿಸುವ ಹವ್ಯಾಸಿ ಆರ್ಕೆಸ್ಟ್ರಾ ಈ ಹಾಡುಗಳನ್ನು ಆಯ್ದುಕೊಂಡಾಗ ಮೊದಲ ಹಾರ್ನ್ ನನ್ನ ಪಾಲಿಗೆ ಬಂತು. ಮೈಸೂರಿನಲ್ಲಿ ಬೆಳೆದ ನನಗೆ ಈ ಕೃತಿಯ ಮೇಲೆ ವಿಶೇಷ ಮಮತೆಯಿದೆ. 1950ರ ಮೇ 22ರಂದು ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಫುರ್ಟ್‌ವೆಂಗ್ಲರ್ ಅವರ ನಿರ್ದೇಶನದಲ್ಲಿ ಫಿಲ್ಹಾರ್ಮೋನಿಯಾ ಆರ್ಕೆಸ್ಟ್ರಾದೊಡನೆ ಕರ್ಸ್ಟನ್ ಫ್ಲಾಗ್‌ಸ್ಟಾಡ್ ಇದನ್ನು ಮೊದಲ ಬಾರಿಗೆ ಹಾಡಿದ್ದು ನಮ್ಮ ಜಯಚಾಮರಾಜ ಒಡೆಯರ್ ಅವರ ಹಣಕಾಸಿನ ಬೆಂಬಲದಿಂದ. ಸ್ಟ್ರೌಸ್‌ನ ತಂದೆ ಫ್ರಾನ್ಸ್ ಸ್ಟ್ರೌಸ್ ಮ್ಯೂನಿಕ್ ಆಸ್ಥಾನದ ಹೆಸರಾಂತ ಹಾರ್ನ್ ವಾದಕರಾಗಿದ್ದರು. ಮಗನಿಗೆ ಈ ವಾದ್ಯದ ಒಳಗುಟ್ಟು ಎಷ್ಟು ಗೊತ್ತಿತ್ತು ಎಂಬುದು ಈ ಭಾಗವನ್ನು ನುಡಿಸಲು ಕುಳಿತವರಿಗೆ ಮೊದಲ ಸ್ವರದಲ್ಲೇ ತಿಳಿಯುತ್ತದೆ.

ಕಷ್ಟವಿರುವುದೂ ಆ ಮೊದಲ ಸ್ವರದಲ್ಲಿಯೇ. ಎಫ್ ಶ್ರುತಿಯ ಹಾರ್ನ್‌ನ ಕೊಳವೆಯನ್ನು ಬಿಡಿಸಿದರೆ ಸುಮಾರು 3.7 ಮೀಟರ್ ಉದ್ದವಾಗುತ್ತದೆ. ಅಷ್ಟುದ್ದದ ಕೊಳವೆಯಲ್ಲಿ ಮೇಲಿನ ಸಹಜ ಸ್ವರಗಳು ಒಂದಕ್ಕೊಂದು ತೀರಾ ಹತ್ತಿರ ಸಾಲುಗಟ್ಟಿರುವುದರಿಂದ ತುಟಿಯ ಬಿಗಿ ತುಸು ಹೆಚ್ಚುಕಡಿಮೆಯಾದರೂ ಪಕ್ಕದ ಸ್ವರ ನುಗ್ಗಿಬಿಡುತ್ತದೆ. ಜೋರಾಗಿ ನುಡಿಸುವಾಗ ಗಾಳಿಯ ರಭಸವೇ ಅಷ್ಟಿಷ್ಟು ಕಾಪಾಡುತ್ತದೆ. ಮೆಲುದನಿಯಲ್ಲಿ ಆ ಆಸರೆ ಇರುವುದಿಲ್ಲ. ನನ್ನ ಹಳೆಯ ಮೌತ್‌ಪೀಸಿನಲ್ಲಿ, ಎಂದರೆ ತುಟಿಗಿಟ್ಟು ಊದುವ ಲೋಹದ ತುಣುಕಿನಲ್ಲಿ, ಅಭ್ಯಾಸದ ಕೊನೆಯ ಹೊತ್ತಿಗೆ ಮೆಲ್ಲನೆಯ ಸ್ವರಗಳು ತಡವರಿಸಿ ಹುಟ್ಟುತ್ತಿದ್ದವು. ಕಾರಣ ತುಟಿಯಲ್ಲಿದೆಯೋ ಲೋಹದಲ್ಲಿದೆಯೋ ಎಂಬುದನ್ನು ಬೇರ್ಪಡಿಸಿ ನೋಡಲೇಬೇಕೆಂದು, ಹಾರ್ನ್ ಕಲಿಯುವ ಗೆಳತಿಯೊಬ್ಬಳನ್ನು ಕರೆದುಕೊಂಡು ಒಂದು ಶನಿವಾರ ವಾದ್ಯದಂಗಡಿಗೆ ಹೋದೆ.

ಅಂಗಡಿಯವರು ರಿಮ್ (ತುಟಿ ತಾಗುವ ಬಳೆ) ಬೇರೆ, ಕಪ್ (ಅದರ ಕೆಳಗಿನ ಬಟ್ಟಲು) ಬೇರೆಯಾಗಿ ತಿರುಪಿ ಬಿಚ್ಚಬಹುದಾದ ಮೌತ್‌ಪೀಸುಗಳನ್ನು ಮೇಜಿನ ಮೇಲೆ ಹರಡಿದರು. ಇದು ದೊಡ್ಡ ಅನುಕೂಲ. ರಿಮ್, ಕಪ್, ಕಪ್ ತಳದ ರಂಧ್ರವಾದ ಬೋರ್ ಮೂರೂ ಒಟ್ಟಿಗೆ ಬದಲಾದರೆ ಯಾವುದರಿಂದ ಏನಾಯಿತೆಂದು ಹೇಳಲು ಯಾರಿಗೂ ಸಾಧ್ಯವಿಲ್ಲ. ಮೊದಲು ಬರಿಯ ರಿಮ್ ಹಿಡಿದು ತುಟಿಯನ್ನು ಝೇಂಕರಿಸಿದೆ. ಒಳವ್ಯಾಸ 17 ಮಿಲಿಮೀಟರ್‌ನದು ಮೇಲಿನ ಸ್ಥಾಯಿಗೆ ಹಗುರವಾಗಿತ್ತು, ಆದರೆ ಕೆಳಗಿಳಿದಾಗ ಮೇಲ್ದುಟಿಗೆ ಅಲುಗಾಡಲು ಜಾಗ ಸಾಲಲಿಲ್ಲ. 18ರದರಲ್ಲಿ ಮಂದ್ರ ತುಂಬಿ ಬಂತು, ಆದರೆ ಬಲು ಬೇಗ ತುಟಿಯ ಅಂಚುಗಳು ಸೋತವು. 17.5 ಮಿಲಿಮೀಟರ್‌ನಲ್ಲಿ ಎರಡೂ ತಕ್ಕಮಟ್ಟಿಗೆ ಕೂಡಿಬಂದವು. ಅರ್ಧ ಮಿಲಿಮೀಟರ್ ಎಂದರೆ ಕಣ್ಣಿಗೆ ಕಾಣದ ವ್ಯತ್ಯಾಸ. ತಂತಿಯ ಅಡಿಯಲ್ಲಿರುವ ಜೀವಾಳದ ದಾರವನ್ನು ಕೂದಲೆಳೆಯಷ್ಟು ಸರಿಸಿದರೆ ತಂಬೂರಿಯ ನಾದವೇ ಬದಲಾಗುವಂತೆ, ಇಲ್ಲಿ ಅಷ್ಟರಿಂದಲೇ ಎಲ್ಲವೂ ಬೇರೆಯಾಗುತ್ತದೆ. ಒಳವ್ಯಾಸದಷ್ಟೇ ಮುಖ್ಯವಾದದ್ದು ರಿಮ್‌ನ ಒಳ ಅಂಚು. ಅದು ಚೂಪಾಗಿದ್ದರೆ ಸ್ವರ ಖಚಿತವಾಗಿ ಹುಟ್ಟುತ್ತದೆ, ಆದರೆ ತುಟಿಗೆ ಒತ್ತುತ್ತದೆ. ತೀರಾ ದುಂಡಗಿದ್ದರೆ ಹಿತವೆನಿಸುತ್ತದೆ, ಆದರೆ ಸ್ವರದ ಆರಂಭ ಮಸುಕಾಗುತ್ತದೆ. ಹಿತವೆಂಬ ಒಂದೇ ಕಾರಣಕ್ಕೆ ರಿಮ್ ಆರಿಸುವುದು ನನಗೆ ಒಪ್ಪಿಗೆಯಿಲ್ಲ.

ಬೋರ್‌ನ ಲೆಕ್ಕ ತಲೆಕೆಳಗಾಗಿದೆ: ಸಂಖ್ಯೆ ಹೆಚ್ಚಿದಷ್ಟೂ ರಂಧ್ರ ಕಿರಿದು. 10ನೆಯದು ಹತ್ತಿರಹತ್ತಿರ 4.9 ಮಿಲಿಮೀಟರ್, 14ನೆಯದು 4.6. ಹತ್ತರಲ್ಲಿ ನಾದ ಅಗಲವಾಗಿ, ಗಾಢವಾಗಿ ಹೊಮ್ಮಿತು. ನನ್ನ ಕಿವಿಗೆ ಅದೇ ಸ್ಟ್ರೌಸ್‌ನ ನಾದವೆನಿಸಿತು. ಆದರೆ ಗೆಳತಿಯನ್ನು ಅಂಗಡಿಯ ಇನ್ನೊಂದು ತುದಿಯಲ್ಲಿ, ನನಗೆ ಬೆನ್ನು ಮಾಡಿ ಕೂರಿಸಿದ್ದೆ. ಯಾವುದನ್ನು ನುಡಿಸುತ್ತಿದ್ದೇನೆಂದು ಅವಳಿಗೆ ಹೇಳಿರಲಿಲ್ಲ. ಹತ್ತನೆಯದನ್ನು ನುಡಿಸಿದಾಗಲೆಲ್ಲ ಅವಳು ಒಂದೇ ಮಾತು ಹೇಳಿದಳು: ದನಿ ದೊಡ್ಡದಾಗಿದೆ, ಆದರೆ ದೂರಕ್ಕೆ ಬರುವಾಗ ಚದುರುತ್ತದೆ. 12ನೆಯದರಲ್ಲಿ ನನಗೆ ದನಿ ಕೊಂಚ ಕಿರಿದೆನಿಸಿತು, ಅವಳಿಗೆ ಅದೇ ದುಂಡಗೆ ಕೇಳಿಸಿತು. ಹಾರ್ನ್‌ನ ಗಂಟೆಯಾಕಾರದ ಬಾಯಿ ಹಿಂದಕ್ಕೆ ತಿರುಗಿರುವುದರಿಂದಲೂ ಬಲಗೈ ಅದರೊಳಗಿರುವುದರಿಂದಲೂ ವಾದಕರಿಗೆ ಕೇಳಿಸುವುದು ಬೇರೆ, ಸಭೆಗೆ ಮುಟ್ಟುವುದು ಬೇರೆ. ಹೀಗಾಗಿ ಅವಳ ಕಿವಿಯ ಮಾತನ್ನೇ ಒಪ್ಪಿದೆ.

ಆದರೂ ಮೇಲಿನ ಸ್ವರಗಳಲ್ಲಿ ಏನೋ ಸಡಿಲವಿತ್ತು. ಅಂಗಡಿಯ ಹಿರಿಯರೊಬ್ಬರು ಮೌತ್‌ಪೀಸನ್ನು ತೆಗೆದು ನೋಡಿ, ಅದರ ಶ್ಯಾಂಕ್, ಎಂದರೆ ವಾದ್ಯದೊಳಗೆ ಕೂರುವ ಬಾಲ, ನನ್ನ ಜರ್ಮನ್ ಹಾರ್ನ್‌ನ ಕೊಳವೆಯೊಳಗೆ ಬೇಕಾದ್ದಕ್ಕಿಂತ ಆಳಕ್ಕೆ ಇಳಿಯುತ್ತಿದೆ ಎಂದರು. ರಸೀದಿಯ ಕಾಗದದಿಂದ ಕಿರುಬೆರಳಗಲದ ಪಟ್ಟಿಯೊಂದನ್ನು ಕತ್ತರಿಸಿ, ಶ್ಯಾಂಕ್‌ಗೆ ಒಂದು ಸುತ್ತು ಸುತ್ತಿ, ಮತ್ತೆ ತಿರುಗಿಸಿ ಕೂರಿಸಿದರು. ಮೌತ್‌ಪೀಸು ಹೊರಕ್ಕೆ ನಿಂತದ್ದು ತೀರಾ ಸ್ವಲ್ಪ. ಅದೇ ಸ್ವರಗಳನ್ನು ನುಡಿಸಿದಾಗ ಒಂದೊಂದೂ ತನ್ನ ಜಾಗದಲ್ಲಿ ನಿಂತಿತು. ಅದೇ ಕಪ್ ಅನ್ನು ಇಂಥ ಹಾರ್ನ್‌ಗೆ ಹೊಂದುವ, ತುಸು ದಪ್ಪನೆಯ ಐರೋಪ್ಯ ಶ್ಯಾಂಕ್‌ನಲ್ಲಿ ತರಿಸಿಕೊಡಲು ಅವರು ಒಪ್ಪಿದರು.

ಅದು ಬರುವವರೆಗಿನ ವಾರಗಳು ವಾದನಕ್ರಮಕ್ಕೆ ಮೀಸಲಾದವು. ಮೇಲ್ದುಟಿ ಮೂರರಲ್ಲಿ ಎರಡು ಪಾಲು, ಕೆಳದುಟಿ ಒಂದು ಪಾಲು ಎಂದು ಅಮೆರಿಕದ ಹಾರ್ನ್ ಗುರು ಫಿಲಿಪ್ ಫಾರ್ಕಸ್ ಕಲಿಸಿದ ಅಳತೆಯನ್ನು ನನ್ನ ಗುರುಗಳು ಕನ್ನಡಿ ಹಿಡಿದು ಪರೀಕ್ಷಿಸುತ್ತಾರೆ. ಈ ಬಾರಿ ಅವರು ನನ್ನ ಎಡಗೈಯ ಕಿರುಬೆರಳನ್ನು ಅದರ ಕೊಕ್ಕೆಯಿಂದ ಬಿಡಿಸಿ ನುಡಿಸಲು ಹೇಳಿದರು. ಆ ಬೆರಳೇ ವಾದ್ಯವನ್ನು ತುಟಿಗೆ ಎಳೆದು ಒತ್ತುತ್ತಿದ್ದದ್ದು. ಅದನ್ನು ಬಿಡಿಸಿದಾಗ ಮೇಲಿನ ಸ್ವರಗಳು ಬರಿಯ ಉಸಿರಿನ ಬಲದ ಮೇಲೆ ನಿಲ್ಲಬೇಕಾಯಿತು. ದೀರ್ಘ ಸ್ವರಗಳನ್ನು ಶೂನ್ಯದಿಂದ ಏರಿಸಿ ಶೂನ್ಯಕ್ಕಿಳಿಸುವುದು, ನಾಲಿಗೆ ಸೋಕಿಸದೆ ಬರಿಯ ಗಾಳಿಯಿಂದ ಸ್ವರವನ್ನು ಎಬ್ಬಿಸುವುದು, ಆಮೇಲೆ ಹಾರ್ನ್ ಕಲಿಯುವವರಿಗಾಗಿ ಕೊಪ್ರಾಶ್ ಬರೆದ ಅಭ್ಯಾಸಗಳನ್ನು ಅರ್ಧ ದನಿಯಲ್ಲಿ ನುಡಿಸುವುದು: ದಿನವೂ ಇಷ್ಟೇ. ಹಳೆಯ ಮೌತ್‌ಪೀಸಿನಲ್ಲಿಯೇ ಮೆಲ್ಲನೆಯ ಸ್ವರಗಳ ತಡವರಿಕೆ ಅರ್ಧಕ್ಕರ್ಧ ತಗ್ಗಿತು.

ಹೊಸದು ಬಂದ ಮೇಲೆ ಅದನ್ನು ಬೆಳಗಿನ ತಾಜಾ ತುಟಿಯಲ್ಲಿ ಪರೀಕ್ಷಿಸಲಿಲ್ಲ. ಆಗ ಯಾವ ಮೌತ್‌ಪೀಸಾದರೂ ಚೆನ್ನಾಗಿಯೇ ನುಡಿಯುತ್ತದೆ. ಪೂರ್ತಿ ರಿಹರ್ಸಲ್ ನುಡಿಸಿ ಮನೆಗೆ ಬಂದು, ತುಟಿ ದಣಿದಿದ್ದಾಗ ‘ಸೆಪ್ಟೆಂಬರ್’ನ ಕೊನೆಯ ಭಾಗವನ್ನು ತೆಗೆದುಕೊಂಡೆ. ಮೊದಲ ಸ್ವರ ಉಸಿರಿನ ಜೊತೆಯಲ್ಲೇ ಬಂತು. ಕಛೇರಿಯ ದಿನವೂ ಹಾಗೆಯೇ ಬಂತು. ಕೊನೆಯ ಸ್ವರವನ್ನು ನಿರ್ದೇಶಕರ ಕೈ ಇಳಿಯುವವರೆಗೂ ಹಿಡಿದು ನಿಲ್ಲಿಸಲು ಉಸಿರು ಉಳಿದಿತ್ತು.

ಮುಂದಿನ ಕಾರ್ಯಕ್ರಮದಲ್ಲಿ ನನ್ನದು ಬ್ರಾಮ್ಸ್‌ನ ಎರಡನೆಯ ಸಿಂಫನಿಯ ನಾಲ್ಕನೆಯ ಹಾರ್ನ್. ಕೆಳಸ್ಥಾಯಿಯ ಕೆಲಸವೇ ಹೆಚ್ಚು. ಅದಕ್ಕಾಗಿ ಅದೇ ರಿಮ್‌ಗೆ ಇನ್ನೂ ಆಳವಾದ ಕಪ್ ಜೋಡಿಸಿಕೊಳ್ಳಬೇಕೆಂಬುದು ನನ್ನ ಯೋಚನೆ. ಈಗಿನದರಲ್ಲಿಯೇ ದವಡೆಯನ್ನು ಇನ್ನಷ್ಟು ಇಳಿಬಿಟ್ಟು ನುಡಿಸಲು ಕಲಿಯಬೇಕೆಂಬುದು ಗುರುಗಳ ಅಭಿಪ್ರಾಯ. ಸದ್ಯಕ್ಕೆ ಅವರ ಮಾತಿನಂತೆ ನಡೆಯುತ್ತಿದ್ದೇನೆ.