ತಿದ್ದುಪಡಿ ಬರೆಯುವ ಮುಂಚೆ ಮಸೂದೆ ಏನನ್ನು ಮುಟ್ಟಿದೆ ನೋಡಿ

ದೆಹಲಿಯಲ್ಲಿ ಸಂಸದರೊಬ್ಬರ ಕಚೇರಿಯಲ್ಲಿ ಮಸೂದೆ ಓದಿ ತಿದ್ದುಪಡಿ ಬರೆದುಕೊಡುವುದು ನನ್ನ ಕೆಲಸ. ಲಾ ಮುಗಿಸಿ ಹೊಸದಾಗಿ ಸೇರುವವರು ಬಂದ ವಾರವೇ ಇಡೀ ಕಾಯ್ದೆ ರಿಪೇರಿಗೆ ಕೂರುತ್ತಾರೆ. ಅವರಿಗೆ ನಾನು ಮೊದಲು ಓದಿಸುವುದು ಲೋಕಸಭೆಯ 80ನೇ ನಿಯಮ. ನಾವು ಬರೆಯುವ ತಿದ್ದುಪಡಿಯು ಮಸೂದೆಯ ವ್ಯಾಪ್ತಿಯೊಳಗೇ ಇರಬೇಕು, ತಿದ್ದಲು ಹೊರಟ ಖಂಡದ (ಮಸೂದೆಯ ಕ್ಲಾಸ್) ವಿಷಯಕ್ಕೆ ಸಂಬಂಧಪಡಬೇಕು, ಸದನ ಆಗಲೇ ತೀರ್ಮಾನಿಸಿದ್ದಕ್ಕೆ ವಿರುದ್ಧ ಹೋಗಬಾರದು.

ಹಳೇ ಕಾಯ್ದೆಯನ್ನು ತಿದ್ದಲು ಬರುವ ಮಸೂದೆಗಳಲ್ಲೇ ಜಾಸ್ತಿ ಎಡವುವುದು. ಅಭ್ಯಾಸಕ್ಕೆ ನಾನು 2019ರ ಮಾಹಿತಿ ಹಕ್ಕು ತಿದ್ದುಪಡಿ ಮಸೂದೆ ಕೊಡುತ್ತೇನೆ. ಅದು ಮುಟ್ಟಿದ್ದು ಮೂಲ ಕಾಯ್ದೆಯ 13, 16 ಮತ್ತು 27ನೇ ಸೆಕ್ಷನ್ ಮಾತ್ರ, ಅಂದರೆ ಮಾಹಿತಿ ಆಯುಕ್ತರ ಅವಧಿ, ಸಂಬಳ, ಅದಕ್ಕೆ ನಿಯಮ ಮಾಡುವ ಅಧಿಕಾರ. 'ಅರ್ಜಿಗೆ 30 ದಿನದ ಬದಲು 15 ದಿನದಲ್ಲಿ ಉತ್ತರ ಕೊಡಬೇಕು' ಅಂತ ಬರೆದು ತರುತ್ತಾರೆ. ಆಸೆ ಒಳ್ಳೆಯದೇ, ಆದರೆ ಅದು 7ನೇ ಸೆಕ್ಷನ್, ಮಸೂದೆ ಅದರ ತಂಟೆಗೇ ಹೋಗಿಲ್ಲ, ಹಾಗಾಗಿ ನಿಲ್ಲುವುದಿಲ್ಲ. ಅದೇ, ಆಯುಕ್ತರ ಅವಧಿಯನ್ನು ಕೇಂದ್ರ ಸರ್ಕಾರ ಗೊತ್ತುಪಡಿಸುತ್ತದೆ ಅಂತಿರುವ ಕಡೆ ಪುಟ, ಸಾಲಿನ ಸಂಖ್ಯೆ ಹಾಕಿ, 'ಈ ಪದಗಳ ಬದಲು ನಾಲ್ಕು ವರ್ಷ ಎಂದು ಸೇರಿಸುವುದು' ಅಂತ ಒಂದೇ ಸಾಲು ಬರೆಯಿರಿ, ನಿಯಮದೊಳಗೆ ಕೂರುತ್ತದೆ. ಇಡೀ ಖಂಡವೇ ಬೇಡ ಅನ್ನುವುದಾದರೆ ತಿದ್ದುಪಡಿ ಯಾಕೆ? ಮತಕ್ಕೆ ಹಾಕಿದಾಗ ನಿಮ್ಮ ಸಂಸದರು 'ಇಲ್ಲ' ಅಂದರಾಯ್ತು.

ದುಡ್ಡಿನ ವಿಷಯಕ್ಕೆ ಸಂವಿಧಾನದ 117ನೇ ವಿಧಿ ಅಡ್ಡ ಬರುತ್ತದೆ. ತೆರಿಗೆ ಇಳಿಸಿ, ತೆಗೆದುಹಾಕಿ ಅಂತ ಯಾರು ಬೇಕಾದರೂ ತಿದ್ದುಪಡಿ ತರಬಹುದು, ಹೊಸ ತೆರಿಗೆ ಹಾಕಿ ಅನ್ನಲು ರಾಷ್ಟ್ರಪತಿಗಳ ಶಿಫಾರಸು ಬೇಕು. (ವಿಧಾನಸಭೆಯಲ್ಲಾದರೆ 207ನೇ ವಿಧಿ, ರಾಜ್ಯಪಾಲರ ಶಿಫಾರಸು.) ತಿದ್ದುಪಡಿಯ ನೋಟಿಸ್ ಮಸೂದೆ ಚರ್ಚೆಗೆ ಬರುವ ಒಂದು ದಿನ ಮುಂಚೆಯೇ ಹೋಗಬೇಕು ಅನ್ನುವುದು ಮರೆಯಬೇಡಿ.

ನನಗೆ ಸಿಟ್ಟು ಬರುವುದು 388ನೇ ನಿಯಮ ನೆನೆದಾಗ. ಸ್ಪೀಕರ್ ಒಪ್ಪಿಗೆ ಪಡೆದು, ಸದನದ ಮುಂದೆ ಪ್ರಸ್ತಾವ ತಂದು ಯಾವ ನಿಯಮವನ್ನಾದರೂ ಆ ಹೊತ್ತಿಗೆ ಅಮಾನತಿನಲ್ಲಿಡಬಹುದು, 80ನೆಯದನ್ನೂ. 2017ರ ಹಣಕಾಸು ಮಸೂದೆಗೆ (ಬಜೆಟ್ ಜೊತೆ ಬರುವ ಮಸೂದೆ) ಸರ್ಕಾರ ಮಾರ್ಚ್‌ನಲ್ಲಿ ಹೀಗೆ ಸೇರಿಸಿದ ತಿದ್ದುಪಡಿಗಳನ್ನು ನೋಡಿ: ಐಟಿ ರಿಟರ್ನ್‌ಗೆ ಆಧಾರ್ ಕಡ್ಡಾಯ, ಅದರ ಜೊತೆಗೇ ನ್ಯಾಯಮಂಡಳಿಗಳ (ಟ್ರಿಬ್ಯುನಲ್) ವಿಲೀನ. ಬಜೆಟ್‌ಗೂ ನ್ಯಾಯಮಂಡಳಿಗೂ ಏನು ಸಂಬಂಧ ಅಂತ ಕೇಳಬೇಡಿ. 388 ಬಳಸಲು ವಿರೋಧ ಪಕ್ಷದವರಿಗೂ ಅವಕಾಶವಿದೆ, ಸದನದಲ್ಲಿ ಬಹುಮತ ಸಿಕ್ಕರೆ ಆಯ್ತು. ಬಹುಮತ ಇದ್ದಿದ್ದರೆ ಅವರು ಆ ಕಡೆ ಯಾಕೆ ಕೂತಿರುತ್ತಿದ್ದರು, ಅಲ್ವಾ?