ರಾಜನ ಜಳಕ: 1911ರ ರೂಪಾಯಿ, ಬಿಡದ ಒಂದು ಗುಳ್ಳೆ

ಐದು ಸಂಜೆ ಹಾಳಾದ ಮೇಲೆ ಕೊನೆಗೂ ಗೊತ್ತಾಯಿತು. ನಾನು ಡೀಲರ್‌ಗೆ ಬೈದ ಕಾರಣ ತಪ್ಪು. ಬೈದದ್ದು ಮಾತ್ರ ಸರಿ.

ಹುಬ್ಬಳ್ಳಿಯಲ್ಲಿ ನಡೆದ ನಾಣ್ಯ ಪ್ರದರ್ಶನದಲ್ಲಿ ಹೊರಗಿನ ಡೀಲರ್ ಒಬ್ಬರ ಹತ್ತಿರ 1911ರ ಐದನೇ ಜಾರ್ಜ್ ರೂಪಾಯಿ ಕೊಂಡಿದ್ದೆ. ಹೌದು, ಅದೇ ‘ಹಂದಿ ರೂಪಾಯಿ’. ರಾಜನ ನಿಲುವಂಗಿ ಮೇಲಿರುವ ಆನೆ ಹಂದಿ ಹಾಗೆ ಕಾಣುತ್ತೆ ಅಂತ ಗಲಾಟೆಯಾಗಿ 1912ರಲ್ಲಿ ತಿದ್ದಿದರಲ್ಲ, ಅದು. ಬೆಲೆ ಇಲ್ಲಿ ಬರೆಯಲ್ಲ, ಇದನ್ನು ನಮ್ಮ ಮನೆಯವರೂ ಓದುತ್ತಾರೆ. ಕವರ್ ಮೇಲೆ ‘ಎಕ್ಸ್‌ಎಫ್’ ಅಂತಿತ್ತು, ಅಂದರೆ ‘ಎಕ್ಸ್‌ಟ್ರೀಮ್ಲಿ ಫೈನ್’, ತೀರ ಕಡಿಮೆ ಸವೆದದ್ದು. ತೆಗೆದು ಅಂಚು ನೋಡಲಾ ಅಂದೆ. “ಪಿನ್ ಬಿಚ್ಚಿದ್ರೆ ತಗೊಳ್ಳಲೇಬೇಕು ಸರ್” ಅಂದರು. ಅಲ್ಲೇ ಎದ್ದು ಬರಬೇಕಿತ್ತು, ಅಲ್ವಾ? ಬರಲಿಲ್ಲ.

ಮನೆಯಲ್ಲಿ, ಎರವಲು ತಂದ ತಕ್ಕಡಿಯಲ್ಲಿ (ಅದರ ಕಥೆ ಮುಂದಿದೆ), ತೂಕ 11.58 ಗ್ರಾಂ. ಇರಬೇಕಾದ್ದು 11.66. ಸವೆದ ನಾಣ್ಯ, ಇರಲಿ ಬಿಡಿ. ಅಯಸ್ಕಾಂತ, ಠಣ್ ಸದ್ದು ಎಲ್ಲ ಪಾಸು. ಸುಮ್ನೆ ಇರದೆ ನೀರಿನ ಪರೀಕ್ಷೆಗೆ ಇಳಿದೆ: ನಾಣ್ಯವನ್ನು ನೀರಲ್ಲಿ ಮುಳುಗಿಸಿ ಲೋಹದ ಸಾಂದ್ರತೆ ಅಳೆಯುವುದು.

ಮೊದಲ ಎರಡು ಸಂಜೆ ತಿಂದದ್ದು ತಕ್ಕಡಿ. ನಾನು ಆರ್ಡರ್ ಮಾಡಿದ್ದು 0.01 ಗ್ರಾಂ ತೋರಿಸುವುದು. ಬಂದದ್ದು 0.1 ಗ್ರಾಂನದು, ಡಬ್ಬಿ ಮೇಲೆ ಮಾತ್ರ 0.01 ಅಂತ ಸ್ಟಿಕ್ಕರ್. ಅದರಲ್ಲಿ ಉಳ್ಳಾಗಡ್ಡಿ ತೂಗಬಹುದು, ನಾಣ್ಯ ಅಲ್ಲ. ಕೊನೆಗೆ ದುರ್ಗದ ಬೈಲ್ ಹತ್ತಿರದ ಪರಿಚಯದ ಅಕ್ಕಸಾಲಿಗ ಪತ್ತಾರ ಕಾಕಾನ ಹಳೆ ತಕ್ಕಡಿಯನ್ನು ಕಾಡಿ ಬೇಡಿ ಎರವಲು ತಂದೆ.

ತಕ್ಕಡಿ ಮೇಲೆ ನೀರಿನ ಗ್ಲಾಸು ಇಟ್ಟು ಸೊನ್ನೆ ಮಾಡಿ, ದಾರ ಕಟ್ಟಿದ ನಾಣ್ಯವನ್ನು ತಳ ಮುಟ್ಟದ ಹಾಗೆ ನೀರಿಗೆ ಇಳಿಬಿಟ್ಟೆ. ತಕ್ಕಡಿ 1.22 ತೋರಿಸಿತು, ನಾಣ್ಯ ಸರಿಸಿದ ನೀರಿನ ತೂಕ ಅದು. ನಾಣ್ಯದ ತೂಕವನ್ನು ಅದರಿಂದ ಭಾಗಿಸಿದರೆ ಸಾಂದ್ರತೆ 9.5 ಹತ್ತಿರ. ಎದೆ ಧಸಕ್ಕಂತು. ಶೇಕಡಾ 91.7 ಬೆಳ್ಳಿಯ ರೂಪಾಯಿ 10.3 ಹತ್ತಿರ ಬರಬೇಕು. 9.5 ಅಂದರೆ 1940ರಿಂದ ಬಂದ ಅರ್ಧ ಬೆಳ್ಳಿಯ ರೂಪಾಯಿಯ ಲೆಕ್ಕ. ಖಾತ್ರಿಗೆ ನನ್ನದೇ 1942ರ ರೂಪಾಯಿ ಮುಳುಗಿಸಿದೆ: 9.52. ಎರಡೂ ಅಣ್ಣತಮ್ಮಂದಿರ ಹಾಗೆ! 1911ರಲ್ಲಿ ಅರ್ಧ ಬೆಳ್ಳಿ ಎಲ್ಲಿಂದ ಬರಬೇಕು? ನಕಲಿ ಅಂತ ತೀರ್ಮಾನಿಸಿ ರಾತ್ರಿ ಹನ್ನೊಂದಕ್ಕೆ ಡೀಲರ್‌ಗೆ ಉದ್ದನೆಯ ವಾಟ್ಸಾಪ್ ಮೆಸೇಜ್ ಕಳಿಸಿದೆ. “ಬೆಳ್ಳಿ ಪಕ್ಕಾ ಸರ್, ಎಲ್ಲಿ ಬೇಕಾದ್ರೂ ತೋರಿಸ್ರಿ” ಅಂತ ಉತ್ತರ ಬಂತು. ಎಷ್ಟು ಧೈರ್ಯ ನೋಡಿ ಅಂದುಕೊಂಡೆ.

ಆದರೆ ಮತ್ತೆ ಮತ್ತೆ ಮಾಡಿದಾಗ ಅಂಕಿ ನಿಲ್ಲಲೇ ಇಲ್ಲ. 1.22, 1.19, 1.24. ಹತ್ತಿ ದಾರ ನೀರು ಕುಡಿಯುತ್ತಿದೆ ಅಂತ ಮೀನು ಹಿಡಿಯುವ ನೈಲಾನ್ ದಾರ ತಂದೆ. ಆಗಲೂ ಅದೇ. ಟಾರ್ಚ್ ಬಿಟ್ಟು ನೋಡಿದರೆ ಅಂಚಿಗೆ ಗಾಳಿಗುಳ್ಳೆ ಕೂತಿದೆ. ಗುಳ್ಳೆ ಇದ್ದರೆ ನಾಣ್ಯ ಇರುವುದಕ್ಕಿಂತ ಜಾಸ್ತಿ ಜಾಗ ಹಿಡಿದ ಹಾಗೆ, ಅಂಕಿ ಕೆಡುತ್ತದೆ. ತಟ್ಟಿದೆ, ಅಲುಗಾಡಿಸಿದೆ, ತೆಗೆದು ಒರೆಸಿ ಮತ್ತೆ ಬಿಟ್ಟೆ. ಇನ್ನುಳಿದ ಗುಳ್ಳೆ ಹೋದವು, ಒಂದು ಮಾತ್ರ ರಾಜನ ಕಿರೀಟದ ಮೇಲಿನ ಅಂಚಿಗೆ ಬಂದು ಕೂರುವುದು ಬಿಡಲಿಲ್ಲ. ಬಾಗಿಲಲ್ಲಿ ನಿಂತಿದ್ದ ಹೆಂಡತಿ, “ರೀ, ಆ ರಾಜಾಗ ಇನ್ನೆಷ್ಟ್ ಸಲ ಜಳಕಾ ಮಾಡಸ್ತೀರಿ?” ಅಂದಳು. ಆಮೇಲೆ ಅವಳೇ, “ಒಂದ್ ಹನಿ ಭಾಂಡೆ ತೊಳಿಯೂ ಲಿಕ್ವಿಡ್ ಹಾಕ್ರಿ” ಅಂದಳು.

ಹಾಕಿದೆ. ಗುಳ್ಳೆ ಮಾಯ. 1.12. ಅಂದರೆ 10.34. ಮೂರು ಸಲವೂ ಅದೇ! ಬೆಳ್ಳಿ ಪಕ್ಕಾ. ಡೀಲರ್ ಹೇಳಿದ್ದು ನಿಜ. ಕ್ಷಮೆ ಕೇಳುವ ಮೆಸೇಜ್ ಟೈಪ್ ಮಾಡಲು ಕೂತೆ.

ಅರ್ಧಕ್ಕೆ ಕೈ ನಿಂತಿತು. ದಾರ ತಿರುಗಿಸಿ ಕಟ್ಟಿದಾಗಲೂ ಆ ಗುಳ್ಳೆ ಅದೇ ಜಾಗಕ್ಕೆ ಬರುತ್ತಿತ್ತಲ್ಲ, ಯಾಕೆ?

ಲೂಪ್ (ಚಿಕ್ಕ ಭೂತಗನ್ನಡಿ) ಹಿಡಿದು ಅಂಚು ನೋಡಿದೆ. ಸುತ್ತಲೂ ಗೀರುಗಳು ಬಾಚಣಿಗೆ ಹಲ್ಲಿನ ಹಾಗೆ ಚೊಕ್ಕವಾಗಿವೆ. ಕಿರೀಟದ ನೇರಕ್ಕೆ ಮಾತ್ರ ಅಕ್ಕಿಕಾಳಿನಷ್ಟು ಜಾಗದಲ್ಲಿ ಗೀರುಗಳಿಲ್ಲ. ಬೂದು ಬಣ್ಣ, ಸಣ್ಣ ಸಣ್ಣ ತೂತು, ಅಡ್ಡಡ್ಡ ಅರ ಉಜ್ಜಿದ ಗುರುತು. ಗುಳ್ಳೆಗೆ ಅದೇ ಗೂಡು.

ಮರುದಿನ ತಕ್ಕಡಿ ವಾಪಸ್ ಕೊಡುವಾಗ ಪತ್ತಾರ ಕಾಕಾಗೆ ತೋರಿಸಿದೆ. ಕನ್ನಡಕ ಕೂಡ ಹಾಕಲಿಲ್ಲ, ಉಗುರಿನಿಂದ ಅಂಚು ಸವರಿದರು. “ಕೊಂಡಿ ಕಿತ್ತ ಹಾಕ್ಯಾರಲ್ರೀ. ಯಾರದೋ ಕೊರಳಾಗ ಇದ್ದದ್ದು ಇದು.” ಐದು ಸಂಜೆಯ ಕೆಲಸ, ಒಂದು ಉಗುರು. ನಮ್ಮ ಕಡೆ ಸರಕ್ಕೆ ಪೋಣಿಸಿದ ರೂಪಾಯಿ ಎಷ್ಟು ನೋಡಿಲ್ಲ ನಾನು! ರಾಜನ ಮುಖ ನೆಟ್ಟಗೆ ಕಾಣಲಿ ಅಂತ ಕೊಂಡಿ ಬೆಸೆಯುವುದು ಕಿರೀಟದ ಮೇಲೇ. ಡೀಲರ್ ಪಿನ್ ಯಾಕೆ ಬಿಚ್ಚಿಸಲಿಲ್ಲ ಅಂತ ಆಗ ತಿಳಿಯಿತು.

ಅವರಿಗೆ ಫೋಟೋ ಕಳಿಸಿದೆ. ಎರಡು ನೀಲಿ ಗೀಟು ಬಂದವು. ಆಮೇಲೆ ಏನೂ ಇಲ್ಲ.

ಎಲ್ಲರೂ ಹೀಗಲ್ಲ. ಧಾರವಾಡದಲ್ಲಿ ಒಬ್ಬರು ಅಜ್ಜ ಇದ್ದಾರೆ. ಮಾತು ಕಡಿಮೆ, ಚೌಕಾಸಿ ಮಾಡಿದರೆ ಮುಖ ತಿರುಗಿಸುತ್ತಾರೆ. ಆದರೆ ಕವರ್ ಮೇಲೆ ದೋಷ ತಾವೇ ಪೆನ್ಸಿಲ್‌ನಲ್ಲಿ ಬರೆದಿರುತ್ತಾರೆ: ‘ತೊಳೆದದ್ದು’, ‘ಅಂಚಿಗೆ ಪೆಟ್ಟು’. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಇಪ್ಪತ್ತು ಕಾಸಿನ ತಾಮ್ರದ ನಾಣ್ಯ ಕೊಟ್ಟಾಗ, ಮನೆಗೆ ಒಯ್ದು ವಾರ ಇಟ್ಟು ನೋಡು ತಮ್ಮಾ, ದುಡ್ಡು ಆಮೇಲೆ ಅಂದಿದ್ದರು.

ಆ ತಾಮ್ರದ್ದೇ ಮುಂದಿನ ಕೆಲಸ. ‘ಪಿವಿಸಿ ಇಲ್ಲ’ (ಪಿವಿಸಿ ಅಂದರೆ ನಾಣ್ಯ ಕೆಡಿಸುವ ಪ್ಲಾಸ್ಟಿಕ್) ಅಂತ ಬರೆದು ಮಾರಿದ ಆಲ್ಬಂ ಹಾಳೆ ಅದಕ್ಕೆ ಹಸಿರು ಜಿಡ್ಡು ಹತ್ತಿಸಿದೆ. ಅದನ್ನು ತೆಗೆಯಲು ಶುದ್ಧ ಅಸಿಟೋನ್ ಬೇಕು. ಅಂಗಡಿಯವರು ನೇಲ್ ಪಾಲಿಶ್ ತೆಗೆಯುವ ಗುಲಾಬಿ ಬಾಟಲಿ ತೋರಿಸಿ “ಎಲ್ಲಾ ಒಂದೇ” ಅನ್ನುತ್ತಾರೆ. ಒಂದೇ ಅಲ್ಲ! ಅದರಲ್ಲಿ ಎಣ್ಣೆ, ಬಣ್ಣ, ವಾಸನೆ ಎಲ್ಲ ಇರುತ್ತೆ. ಲ್ಯಾಬ್ ಸಾಮಾನು ಮಾರುವ ಅಂಗಡಿಗೆ ಹೇಳಿಟ್ಟಿದ್ದೇನೆ, ಸೋಮವಾರ ಬರುತ್ತಂತೆ. ಯಾವ ಸೋಮವಾರ ಅಂತ ಹೇಳಿಲ್ಲ.

ಹಂದಿ ರೂಪಾಯಿಯನ್ನು ಹೊಸ ಕವರ್‌ಗೆ ಹಾಕಿದೆ. ‘ಎಕ್ಸ್‌ಎಫ್’ ಅಂತಿದ್ದ ಹಳೇದು ಕಸದ ಬುಟ್ಟಿಗೆ. ಹೊಸದರ ಮೇಲೆ ಅಜ್ಜನ ಹಾಗೆ ಪೆನ್ಸಿಲ್‌ನಲ್ಲಿ ಬರೆದೆ: ‘1911, 11.58 ಗ್ರಾಂ, ಕೊಂಡಿ ಕಿತ್ತದ್ದು.’