ಗ್ಯಾಸ್ ಮಾತ್ರೆ ಔಷಧಿಯಲ್ಲವಂತೆ

ತಿಂದದ್ದು ಹೊಟ್ಟೆಯಿಂದ ಎಷ್ಟು ಬೇಗ ಖಾಲಿಯಾಗುತ್ತದೆ ಎಂದು ನೋಡುವ ಸ್ಕ್ಯಾನ್ ಅದು. ನಾಲ್ಕನೇ ಗಂಟೆಯ ಚಿತ್ರ ತೆಗೆದಾಗ ಹೊಟ್ಟೆಯಲ್ಲಿ ಉಳಿದಿದ್ದು ಶೇ 2. ಶೇ 10ರವರೆಗೂ ಸಹಜ. ‘ನಿಮಗೇನೂ ಇಲ್ಲ ಮೇಡಂ, ಟೆನ್ಷನ್ ಮಾಡಿಕೊಳ್ಳಬೇಡಿ’ ಎಂದುಬಿಟ್ಟೆ. ಫಲಿತಾಂಶ ಹೇಳುವುದು ಟೆಕ್ನಾಲಜಿಸ್ಟ್ ಕೆಲಸವಲ್ಲ.

ಅವರು ಶಾಲಾ ಶಿಕ್ಷಕಿ. ಎರಡು ವರ್ಷದಿಂದ ನಾಲ್ಕು ತುತ್ತಿಗೇ ಹೊಟ್ಟೆ ಬಿರಿಯುವಂತಾಗುತ್ತಿತ್ತು. ಎಂಡೋಸ್ಕೋಪಿಯಲ್ಲಿ ಏನೂ ಸಿಕ್ಕಿರಲಿಲ್ಲ. ಚೀಟಿಯಲ್ಲಿ ‘ಫಂಕ್ಷನಲ್ ಡಿಸ್ಪೆಪ್ಸಿಯಾ’ ಎಂದಿತ್ತು, ಅಂದರೆ ಪರೀಕ್ಷೆಯಲ್ಲಿ ಕಾರಣ ಕಾಣದ ಅಜೀರ್ಣ. ಟೆಕ್ನೀಷಿಯಂ ಎಂಬ ವಿಕಿರಣಶೀಲ ವಸ್ತು ಬೆರೆಸಿದ ಮೊಟ್ಟೆಯ ಬಿಳಿಭಾಗ, ಎರಡು ಬ್ರೆಡ್, ಜಾಮ್ ಇಷ್ಟನ್ನು ಹತ್ತು ನಿಮಿಷದಲ್ಲಿ ಮುಗಿಸಲು ಅವರು ಪಟ್ಟ ಪಾಡನ್ನು ಬೆಳಿಗ್ಗೆ ಕಣ್ಣಾರೆ ಕಂಡಿದ್ದೆ. (ಮೊಟ್ಟೆ ತಿನ್ನದವರಿಗೆ ಇಡ್ಲಿ, ಆಗ ಈ ಶೇಕಡಾ ಲೆಕ್ಕ ಹಾಗೆಯೇ ಹೊಂದುವುದಿಲ್ಲ. ಆ ರಗಳೆ ಬೇರೆ.)

ಬ್ಯಾಗಿನಿಂದ ಸ್ಟ್ರಿಪ್ ತೆಗೆದು, ‘ನೀರು ಸಿಗುತ್ತದೆಯೇ?’ ಎಂದರು. ಹತ್ತರಲ್ಲಿ ಏಳು ಮಾತ್ರೆ ಖಾಲಿ. ಹಿಂಬದಿಯ ಸಣ್ಣಕ್ಷರದಲ್ಲಿ ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್, ಅದರ ಕೆಳಗೆ ಡೊಂಪೆರಿಡೋನ್. ಹೊಟ್ಟೆಯನ್ನು ಬೇಗ ಖಾಲಿ ಮಾಡಿಸುವ ಔಷಧಿ! ಎರಡು ಮೂರು ದಿನ ಮೊದಲೇ ನಿಲ್ಲಿಸಬೇಕಿತ್ತು.

‘ಬೆಳಿಗ್ಗೆಯೂ ತೆಗೆದುಕೊಂಡಿರಾ?’

‘ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದಿದ್ದಿರಿ. ಇದೂ ಖಾಲಿ ಹೊಟ್ಟೆಗೇ ಅಲ್ಲವೇ?’

‘ಔಷಧಿ ಏನೂ ಇಲ್ಲ ಎಂದಿರಲ್ಲ!’

‘ಇದು ಗ್ಯಾಸ್ ಮಾತ್ರೆ ಸರ್.’

ಸ್ಟ್ರಿಪ್ ಹಿಡಿದುಕೊಂಡು ಡಾಕ್ಟರ ಕೊಠಡಿಯ ಹೊರಗೆ ನಿಂತೇ ಇದ್ದೆ. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಯೋಚನೆಯೂ ಬಂತು, ಸುಳ್ಳೇಕೆ ಹೇಳಲಿ. ಒಳಗೆ ಹೋದಾಗ ಡಾಕ್ಟರು ರಿಪೋರ್ಟಿನ ಸಹಿಗೆಂದು ಪೆನ್ ತೆರೆದಿದ್ದರು. ಬೈಯಲಿಲ್ಲ. ಪೆನ್ನಿನ ಮುಚ್ಚಳ ಹಾಕಿದರು, ಅಷ್ಟೇ. ಬೈದಿದ್ದರೆ ವಾಸಿಯಿತ್ತು.

ಇಂಥ ಔಷಧಿಯ ಬಗ್ಗೆ ನಮ್ಮ ಫಾರಂನಲ್ಲಿ ‘ಪ್ರೊಕೈನೆಟಿಕ್: ಹೌದು/ಇಲ್ಲ’ ಎಂದು ಇಂಗ್ಲಿಷಿನಲ್ಲಿದೆ. ಬದಲಿಸಿ ಎಂದರೆ ಹಳೆಯ ಸ್ಟಾಕ್ ಮುಗಿಯಲಿ ಎನ್ನುತ್ತಾರೆ ಆಡಳಿತದವರು. ಮರುಪರೀಕ್ಷೆಯ ಬಿಲ್ ಯಾರ ತಲೆಗೆ ಎಂದು ಮೂರು ಮೇಲ್ ಕಳಿಸಲು ಮಾತ್ರ ಪುರುಸೊತ್ತಿತ್ತು. ಔಷಧಿ ತೆಗೆದುಕೊಳ್ಳುತ್ತೀರಾ ಎಂದು ಕೇಳುವುದನ್ನು ನಾನೀಗ ಬಿಟ್ಟಿದ್ದೇನೆ. ಬ್ಯಾಗಿನಲ್ಲಿರುವ ಮಾತ್ರೆಗಳನ್ನೆಲ್ಲ ಮೇಜಿನ ಮೇಲಿಡಿ ಎನ್ನುತ್ತೇನೆ.

ಮಾತ್ರೆ ನಿಲ್ಲಿಸಿ, ವಾರದ ನಂತರ ಮತ್ತೆ ಮಾಡಿದೆವು. ಶೇ 9. ಅದೂ ಸಹಜವೇ.

‘ಹಾಗಾದರೆ ನನಗೇನೂ ಇಲ್ಲವೇ?’ ಎಂದರು.

ಹೊಟ್ಟೆ ಎಷ್ಟು ಬೇಗ ಖಾಲಿಯಾಗುತ್ತದೆ ಎಂಬುದಷ್ಟೇ ನನ್ನ ಕ್ಯಾಮೆರಾದ ಲೆಕ್ಕ. ತುತ್ತು ಇಳಿದಾಗ ಜಠರದ ಮೇಲ್ಭಾಗ ಸಡಿಲಗೊಂಡು ಜಾಗ ಬಿಡುತ್ತದೆಯೋ ಇಲ್ಲವೋ ಎಂಬುದು ಅದರಲ್ಲಿ ಬರುವುದಿಲ್ಲ. ಡಿಸ್ಪೆಪ್ಸಿಯಾ ಇರುವ ಎಷ್ಟೋ ಜನರ ತೊಂದರೆ ಅಲ್ಲೇ ಇರುತ್ತದೆ. ‘ಡಾಕ್ಟರನ್ನೇ ಕೇಳೋಣ ಬನ್ನಿ’ ಎಂದು ಬಾಗಿಲು ತೆರೆದೆ.